ನಿವೃತ್ತ ಕಾಯಿದೆಗೊಂದು ಬಿನ್ನವತ್ತಳೆ

1962ರ ಏಪ್ರಿಲ್ 1ರಂದು ಜಾರಿಗೆ ಬಂದು, ಅರವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, 2026ರ ಏಪ್ರಿಲ್ 1ರಂದು ಹೊಸಬರಿಗೆ ಪೀಠ ಬಿಟ್ಟುಕೊಟ್ಟ ಪೂಜ್ಯ ಆದಾಯ ತೆರಿಗೆ ಕಾಯಿದೆಯವರೇ, ಮಕ್ಕಳನ್ನು ಎಣಿಸುವುದರಲ್ಲಿ ತಾವು ತೋರಿದ ವಿವೇಕವನ್ನು ನೆನೆದು ಆಂಧ್ರದ ಬ್ರಹ್ಮಸಮುದ್ರದ ಕನ್ನಡಿಗರಾದ ನಾವು ಈ ಬಿನ್ನವತ್ತಳೆಯನ್ನು ಅರ್ಪಿಸುತ್ತಿದ್ದೇವೆ.

ನಮ್ಮೂರ ಮೇಷ್ಟ್ರಿಗೆ ಮೂವರು ಮಕ್ಕಳು. ಹೆತ್ತವ್ವನಿಗೆ ಮೂವರೂ ಕಾಣುತ್ತಿದ್ದರು, ಶಾಲೆಯ ಹಾಜರಿ ಪುಸ್ತಕಕ್ಕೂ ಕಾಣುತ್ತಿದ್ದರು. ತಮ್ಮ ಪ್ರಶಾಂತ ದೃಷ್ಟಿಗೆ ಮಾತ್ರ ಇಬ್ಬರೇ. ಆ ಇಬ್ಬರ ಓದಿಗೆ ತಿಂಗಳಿಗೆ ತಲಾ 100 ರೂಪಾಯಿ, ಕಲ್ಯಾಣದುರ್ಗದ ಹಾಸ್ಟೆಲ್ ವಾಸಕ್ಕೆ ತಲಾ 300 ರೂಪಾಯಿ ಭತ್ಯೆಯನ್ನು ತೆರಿಗೆಯ ಸೋಂಕು ತಗಲದಂತೆ ಕಾಪಾಡಿದಿರಿ. ದಿನಕ್ಕೆ ಹತ್ತು ರೂಪಾಯಿಯಲ್ಲಿ ಎರಡು ಹೊತ್ತಿನ ಮುದ್ದೆ, ಬೆಳಗಿನ ಉಪ್ಪಿಟ್ಟು, ಮಲಗಲು ಕಬ್ಬಿಣದ ಮಂಚ! ಅಕ್ಕಿಬೇಳೆಯ ಬೆಲೆ ಏರಿದರೂ ದಶಕಗಳ ಕಾಲ ಕದಲದೆ ನಿಂತ ತಮ್ಮ ಸ್ಥಿರಚಿತ್ತಕ್ಕೆ ನಮೋ ನಮಃ. 2024ರಲ್ಲಿ ಆಂಧ್ರ ವಿಧಾನಸಭೆ, ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನೇ ಕಿತ್ತುಹಾಕಿತು. ಮುಖ್ಯಮಂತ್ರಿಗಳೇ ಹೆಚ್ಚು ಹೆರಿರೆಂದರು. ತಾವು ಎರಡರಿಂದಾಚೆಗೆ ಬೆರಳು ಮಡಿಚಲಿಲ್ಲ.

ಹಾಗೆಂದು ಮೂರನೆಯ ಕೂಸನ್ನು ತಾವು ಮರೆತವರಲ್ಲ. ಕಡಲೆಕಾಯಿ ಮಾರಿದ ದುಡ್ಡನ್ನು ಅಜ್ಜ ಆಕೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟು 5,000 ರೂಪಾಯಿ ಬಡ್ಡಿ ಬಂದ ವರ್ಷವೇ ತಮಗೆ ಆಕೆಯ ದಿವ್ಯದರ್ಶನವಾಯಿತು. 64ನೇ ಕಲಮಿಗೆ ಇಬ್ಬರೆಂಬ ಸಂಕುಚಿತ ಭಾವವಿರಲಿಲ್ಲ. ಅಪ್ರಾಪ್ತ ವಯಸ್ಸಿನ ಮಕ್ಕಳು ಎಷ್ಟೇ ಇರಲಿ, ಅವರ ಬಡ್ಡಿಗೆಲ್ಲ ಅಲ್ಲಿ ಆದರದ ಸ್ವಾಗತವಿತ್ತು. 1,500 ರೂಪಾಯಿಯನ್ನು ಮಗುವಿನ ಬಾಬ್ತು ವಿನಾಯಿತಿ ಕೊಟ್ಟು, ಮಿಕ್ಕ 3,500ನ್ನು ಅಪ್ಪನ ಆದಾಯಕ್ಕೆ ಸೇರಿಸಿ, ತಂದೆ–ಮಗಳ ಬಾಂಧವ್ಯವನ್ನು ಗಟ್ಟಿಗೊಳಿಸಿದಿರಿ.

ಕೊನೆಗಾಲದಲ್ಲಂತೂ ತಮ್ಮ ಸಮದೃಷ್ಟಿ ಪರಿಪೂರ್ಣವಾಯಿತು. ಬೇರೆ ಬೇಕೆಂದು ಕೇಳದವರಿಗೆಲ್ಲ 2023–24ರಿಂದ ತಾನಾಗಿ ಅನ್ವಯಿಸಿದ ಹೊಸ ಪದ್ಧತಿಯಲ್ಲಿ 100, 300, 1,500 ಮೂರೂ ಮಾಯವಾಗಿ, ಮೊದಲನೆಯ, ಎರಡನೆಯ, ಮೂರನೆಯ ಮಗುವೆಂಬ ಭೇದವೇ ಅಳಿದುಹೋಯಿತು. ಸೇರಿಸುವ ಕಲಮನ್ನು ಮಾತ್ರ, ಕುಟುಂಬ ಒಡೆಯಬಾರದೆಂದೋ ಏನೋ, ಉಳಿಸಿಕೊಂಡಿರಿ.

ಆದರೂ ನಮ್ಮ ಕಣ್ಣು ತೇವವಾಗುವುದು ಆ ಕಲಮಿನಲ್ಲೇ ಇದ್ದ ಒಂದು ಉಪವಾಕ್ಯಕ್ಕೆ. ಮಗು ತನ್ನ ಕೈದುಡಿಮೆಯಿಂದ ಗಳಿಸಿದ್ದನ್ನು ಅಪ್ಪನ ಲೆಕ್ಕಕ್ಕೆ ಸೇರಿಸಕೂಡದೆಂದು ಅಪ್ಪಣೆ ಕೊಡಿಸಿದ್ದಿರಿ. ಜಗಲಿಯ ಮೇಲೆ ಬಿತ್ತನೆಗೆಂದು ಕಾಯಿ ಸುಲಿಯುತ್ತ, ಹೆಬ್ಬೆರಳ ಸಂದಿಯಲ್ಲಿ ಕೆಂಪು ಸಿಪ್ಪೆ ಅಂಟಿಸಿಕೊಂಡು ಕೂತ ಆ ಮೂರನೆಯವಳಿಗೆ ಅಜ್ಜಿ ಸೇರಿಗಿಷ್ಟೆಂದು ಕೊಡುವ ಚಿಲ್ಲರೆಯೆಲ್ಲ ಅವಳದೇ ಸ್ವಂತ ಆದಾಯ.