ಶೇಷಾನ್ನ ಮೀಮಾಂಸೆ, ಅರ್ಥಾತ್ ತಟ್ಟೆಯಲ್ಲಿ ಬಿಟ್ಟದ್ದರ ಶಾಸ್ತ್ರ

ವಿಷಯ ಪ್ರವೇಶ

ಕಪಿಲೆಯ ದಡದ ನಂಜನಗೂಡಿನಲ್ಲಿ ನೆಲೆಸಿರುವ ದೇವರು, ಮುಂದೆ ಬಂದದ್ದನ್ನು ಬಿಡದೆ ಕುಡಿದವನು. ಕಡಲು ಕಡೆದಾಗ ಉಕ್ಕಿದ ಹಾಲಾಹಲ ಯಾರಿಗೂ ಬೇಡವಾಯಿತು. ಮುಂದೆ ಕಲ್ಪವೃಕ್ಷಕ್ಕೂ ಐರಾವತಕ್ಕೂ ಕೈಚಾಚಲಿದ್ದ ಮಹನೀಯರೆಲ್ಲ ಆಗ ಹಿಂದೆ ಸರಿದು ನಿಂತರು, ಕುಡಿದವನು ಶಿವನೊಬ್ಬನೇ. ಏನನ್ನೂ ಚೆಲ್ಲದಿರುವ ವಿಷಯದಲ್ಲಿ ಇದೇ ಆದಿ ದೃಷ್ಟಾಂತವೆಂದು ಪ್ರಬಂಧಕಾರನ ಮತ. ಅದೇ ಊರಿನ ಐದನೇ ತರಗತಿಯ ಮಗು ಇಂದು ಹಾಗಲಕಾಯಿ ಗೊಜ್ಜನ್ನು ತಟ್ಟೆಯಂಚಿಗೆ ತಳ್ಳುತ್ತದೆ. ಈ ಅಧಃಪತನಕ್ಕೆ ಹೊಣೆ ಯಾರು ಎಂಬುದೇ ಮೀಮಾಂಸೆಯ ವಿಷಯ.

ಕ್ಷೇತ್ರ ನಿರ್ಣಯ

ಅಧ್ಯಯನಕ್ಕೆ ಎರಡು ಊರುಗಳನ್ನು ಆರಿಸಿಕೊಂಡದ್ದು ಸಕಾರಣವಾಗಿಯೇ. ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. ಆದ್ದರಿಂದ ಮೇಲಿನ ಊರಿನವರು ನದಿಗೆ ಚೆಲ್ಲಿದ್ದು ಕೆಳಗಿನ ಊರಿನವರ ಪುಣ್ಯಸ್ನಾನದಲ್ಲಿ ಪಾಲು ಪಡೆಯುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ಪ್ರವಾಹ ನ್ಯಾಯವೆಂದು ಹೆಸರು. ಶಾಸ್ತ್ರವನ್ನು ನಾವೇ ಬರೆಯುತ್ತಿರುವುದರಿಂದ ಹೆಸರೂ ನಮ್ಮದೇ.

ಪ್ರಮಾಣ ವಿಚಾರ

ಅಳತೆಯಿಲ್ಲದೆ ವಿಜ್ಞಾನವಿಲ್ಲ. ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ಇದ್ದಾನೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಪ್ರತೀತಿ. ಕಾಶಿಯನ್ನೇ ತೂಗಿದ ಮಾನಕ್ಕೆ ಚಿತ್ರಾನ್ನ ಯಾವ ಲೆಕ್ಕ? ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ವ್ಯರ್ಥವಾಗುತ್ತದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಅಂದಾಜು ಮಾಡಿದೆ. ನಮ್ಮ ಮಾನದಲ್ಲಿ ಅದು ನಾಲ್ಕೂವರೆ ಲಕ್ಷ ಗುಲಗಂಜಿಗೂ ಮಿಕ್ಕು. ಕಾಶಿಯನ್ನು ಒಂದೇ ಒಂದು ಗುಲಗಂಜಿಯಿಂದ ಗೆದ್ದ ಊರಿಗೆ ಈ ಸಂಖ್ಯೆ ಕಣ್ಣು ಕುಕ್ಕಬೇಕು.

ಪೂರ್ವಪಕ್ಷ

ಶಾಲೆಯ ಪಕ್ಷ ಹೀಗಿದೆ. 2030ರೊಳಗೆ ತಲಾ ಆಹಾರ ವ್ಯರ್ಥವನ್ನು ಅರ್ಧಕ್ಕಿಳಿಸಬೇಕೆಂದು ಜಗತ್ತು ಪಣ ತೊಟ್ಟಿದೆ. ಪಣ ತೊಟ್ಟ ದೊಡ್ಡವರಿಗೆ ಪುರುಸೊತ್ತಿಲ್ಲ. ಆದ್ದರಿಂದ ಮಕ್ಕಳು ಚಾರ್ಟ್ ಬರೆಯಬೇಕು. ಕೊಳೆತ ಅನ್ನದಿಂದ ಮೀಥೇನ್ ಏಳುವುದನ್ನು ಹಸಿರು ಸ್ಕೆಚ್ ಪೆನ್ನಿನಲ್ಲಿ ತೋರಿಸಬೇಕು. ಸಂಜೆ ಮನೆಗೆ ಹೋಗಿ ತಟ್ಟೆ ಖಾಲಿ ಮಾಡಬೇಕು. ಈ ಪಕ್ಷದ ಸೂತ್ರಗಳು ಎರಡೇ:

1. ಉಳಿದದ್ದೆಲ್ಲ ಉಂಡವರ ತಪ್ಪು.
2. ಬಡಿಸಿದವರು ಪ್ರಶ್ನಾತೀತರು.

ಖಂಡನೆ

ಇದು ನಿಲ್ಲುವ ವಾದವಲ್ಲ. ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ, ಆರರಿಂದ ಮೇಲಿನವರಿಗೆ 150 ಗ್ರಾಂ ಅಕ್ಕಿ ಎಂದು ಲೆಕ್ಕವಿದೆ. ಅಂದರೆ ಸರ್ಕಾರಕ್ಕೂ ತಿಳಿದಿರುವ ಮಗುವಿನ ಹೊಟ್ಟೆಯ ಅಳತೆ ಹೆತ್ತ ಮನೆಗೆ ತಿಳಿದಿಲ್ಲ. ಮನೆಯಲ್ಲಿ ಸಂಭಾಷಣೆ ಹೀಗೆ ಸಾಗುತ್ತದೆ:

“ಇನ್ನೊಸಿ ಇಕ್ಕಿಸ್ಕೋ ಮಗ, ಬೆಳೆಯೋ ಜೀವ.”

“ಸಾಕು ಕನಜ್ಜಿ.”

“ಒಂದೇ ಒಂದು ಸೌಟು.”

ಆ ಒಂದೇ ಒಂದು ಸೌಟೇ ತಟ್ಟೆಯಲ್ಲಿ ಉಳಿಯುತ್ತದೆ. ಸೌಟು ಅಜ್ಜಿಯದು, ಬೈಗುಳ ಮೊಮ್ಮಗನಿಗೆ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮ. ಎಸರಿಡುವಾಗ ಅಪ್ಪ ಹಜಾರದಿಂದಲೇ, “ಒಂದು ಪಾವು ಹೆಚ್ಚಿಗೆ ಇಡು, ಯಾರಾದ್ರೂ ಬಂದ್ರೆ” ಎನ್ನುತ್ತಾನೆ. ಈ ಅತಿಥಿಯನ್ನು ಪ್ರತ್ಯಕ್ಷವಾಗಿ ಕಂಡವರಿಲ್ಲ; ಆತ ಅನುಮಾನ ಪ್ರಮಾಣದಿಂದ ಮಾತ್ರ ಸಿದ್ಧ. ಆದರೂ ಎರಡೂ ತಾಲ್ಲೂಕುಗಳಲ್ಲಿ ಅವನ ಹೆಸರಿನಲ್ಲಿ ದಿನವೂ ಅಕ್ಕಿ ಬೇಯುತ್ತದೆ. ದೊಡ್ಡ ಜಾತ್ರೆಯ ದಿನ ಅವನು ಹೆಂಡತಿ ಮಕ್ಕಳ ಸಮೇತ ಬಂದೇ ಬಿಡುತ್ತಾನೆ, ಅನ್ನ ಸಾಲುವುದಿಲ್ಲ. ಮಾರನೆಯ ದಿನದಿಂದ ಪಾವು ಎರಡಾಗುತ್ತದೆ.

ಗೋಪ್ರಕರಣ

ಮೇಲೆ ಹೇಳಿದ ವರದಿಯ ಲೆಕ್ಕದಲ್ಲಿ ಗೊಬ್ಬರದ ಗುಂಡಿಗೆ ಹೋದದ್ದು ವ್ಯರ್ಥ, ದನದ ಬಾಯಿಗೆ ಹೋದದ್ದು ವ್ಯರ್ಥವಲ್ಲ. ನಂಜನಗೂಡಿನ ರಸಬಾಳೆಯ ಸಿಪ್ಪೆ ತಿಪ್ಪೆ ಸೇರಿದರೆ ಪಾಪ, ಹಸು ತಿಂದರೆ ಪರಿಹಾರ. ಹಿತ್ತಿಲ ಕಲಗಚ್ಚಿನ ಬಾನಿ ಈ ತತ್ತ್ವವನ್ನು ವರದಿಯಿಲ್ಲದೆಯೇ ಪಾಲಿಸುತ್ತಿತ್ತು. ಬಡಾವಣೆಯ ಸೈಟಿಗೆ ಬಂದ ಸಂಸಾರ ಹಸುವನ್ನು ಊರಿನಲ್ಲೇ ಬಿಟ್ಟಿತು. ಹಸುವಿನ ಪಾಲನ್ನೂ ಬೇಯಿಸುವ ಅಭ್ಯಾಸ ಮಾತ್ರ ಲಾರಿ ಹತ್ತಿ ಜೊತೆಗೆ ಬಂತು.

ಹಾಗಾದರೆ ಹಸುವಿನ ಸ್ಥಾನ ತುಂಬಿದವರು ಯಾರು? ಇಲ್ಲಿ ಶಾಸ್ತ್ರ ಸ್ವಲ್ಪ ತಡವರಿಸುತ್ತದೆ. ನಿನ್ನೆಯ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಂಡು, ಮಗ ಬಿಟ್ಟ ಉಪ್ಪಿಟ್ಟನ್ನು ನಿಂತಲ್ಲೇ ಬಾಯಿಗೆ ಹಾಕಿಕೊಂಡು, ಎಲ್ಲರಿಗಿಂತ ಕಡೆಗೆ ಉಣ್ಣುವವಳು ಅವ್ವ. ಅವಳು ತಿಂದದ್ದು ಯಾವ ಕೋಷ್ಟಕದಲ್ಲೂ ವ್ಯರ್ಥವೆಂದು ನಮೂದಾಗುವುದಿಲ್ಲ. ‘ನಮ್ಮ ಮನೆಯಲ್ಲಿ ಸೊನ್ನೆ ಗುಲಗಂಜಿ’ ಎಂದು ಚಾರ್ಟಿನಲ್ಲಿ ಬರೆದು ಚಪ್ಪಾಳೆ ಗಿಟ್ಟಿಸಿದ ಮಗುವನ್ನು, “ತಂಗಳು ತಿಂದವರು ಯಾರಪ್ಪ?” ಎಂದು ಕೇಳದ ಮೇಷ್ಟ್ರು ಅರ್ಧ ಪಾಠ ಮಾತ್ರ ಮಾಡಿದ್ದಾರೆ.

ಸಿದ್ಧಾಂತ

ತಟ್ಟೆಯನ್ನಲ್ಲ, ಸೌಟನ್ನು ತಿದ್ದಬೇಕು. ಮಕ್ಕಳಿಗೆ ಹೋಂವರ್ಕ್ ಕೊಡುವುದಾದರೆ ಹೀಗೆ ಕೊಡಿ: ಅಕ್ಕಿ ಅಳೆಯುವ ಪಾವು ವಾರದ ಮಟ್ಟಿಗೆ ಮಗುವಿನ ಕೈಲಿರಲಿ. ಎಸರಿಡುವ ಮುನ್ನ ಮನೆಯವರ ಹಸಿವು ವಿಚಾರಿಸುವುದು, ತನ್ನ ಅನ್ನ ತಾನೇ ಬಡಿಸಿಕೊಳ್ಳುವುದು, ಉಳಿದದ್ದನ್ನೂ ಅದರ ಕಾರಣವನ್ನೂ ಬರೆಯುವುದು ಮಗುವಿನ ಕೆಲಸ. ತಂಗಳಿಗೆ ಸರದಿ ಪಟ್ಟಿಯಾಗಲಿ. ಅದರಲ್ಲಿ ಅಪ್ಪನ ಹೆಸರು ಮೊದಲಿರಲಿ. ಬಸ್ಸಾರು ಕಂಡುಹಿಡಿದ ಸೀಮೆಗೆ, ಸೊಪ್ಪು ಬಸಿದ ನೀರನ್ನೂ ಬಿಡದವರಿಗೆ, ಇದು ಹೊಸ ವಿದ್ಯೆಯೇನಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ಗ್ಯಾಸ್ ಸಿಲಿಂಡರ್ ನಾಲ್ಕು ದಿನ ಹೆಚ್ಚಿಗೆ ಬರುವುದು. ಫ್ರಿಜ್ಜಿನಲ್ಲಿ ಹಿಂದಿನ ಸೋಮವಾರದ ಸಾಂಬಾರು ಎದುರಾಗದು. ಕೇಳಿದವರಿಗೆ ಅವ್ವನ ಜೊತೆ ಕೂತು ಬಿಸಿ ಮುದ್ದೆ ಉಣ್ಣುವ ಯೋಗ. ಹೋಂವರ್ಕ್ ಮುಗಿಸಿದ ಮಕ್ಕಳಿಗೆ ಮಾತ್ರ ಒಂದು ವಿಘ್ನವಿದೆ: ವ್ಯರ್ಥಕ್ಕೆ ಕಾರಣ ಎಂಬ ಕಾಲಮ್ಮಿನಲ್ಲಿ ಅವರು ನಿಜ ಬರೆದಿರುವುದರಿಂದ, ಪೋಷಕರ ಸಹಿ ಸಿಗುವುದು ಕಷ್ಟ.