ಮಾವನಿಗೊಂದು ತಲೆಬಿಸಿ ಬೇಕು

ಪುತ್ತೂರು, ಸುಳ್ಯ, ಕಡಬದ ಕಡೆ ಈಗ ಊರಿಗೊಬ್ಬರಾದರೂ 'ಅಮೆರಿಕಕ್ಕೆ ಹೋಗಿ ಬಂದ ಮಾವ' ಇರುತ್ತಾರೆ. ಪ್ರಾಯ ಎಪ್ಪತ್ತರ ಆಸುಪಾಸು, ಅಡಿಕೆ ತೋಟ ನಾಲ್ಕು ಎಕರೆ, ಮಗ ಇಂಜಿನಿಯರು, ಸೊಸೆಯೂ ಇಂಜಿನಿಯರು, ಮಂಗಗಳು ಲೆಕ್ಕಕ್ಕಿಲ್ಲ. ಇವರ ಅಜ್ಜನ ಕಾಲದಲ್ಲಿ ಪರದೇಶವೆಂದರೆ ಘಟ್ಟದ ಮೇಲೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದವರು ಬಂದು ಒಂದು ತಿಂಗಳು ಅಲ್ಲಿಯ ಚಳಿಯ ಕತೆ ಹೇಳುತ್ತಿದ್ದರಂತೆ. ನನ್ನ ಪಾಲಿಗೆ ಬಂದ ಮಾವ ಹೋದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ. ಆರು ತಿಂಗಳು ತೋಟ ನೋಡಿಕೊಳ್ಳುವ ಭಾಗ್ಯ ನನಗೆ.

ಇಂಥ ಮಾವಂದಿರು ಎಪ್ರಿಲ್ 17ರ ಮೊದಲು ಹೊರಡುವ ಪೈಕಿ ಅಲ್ಲ. ಮಹಾಲಿಂಗೇಶ್ವರನ ಬ್ರಹ್ಮರಥ ನೋಡಬೇಕು, ಪುತ್ತೂರು ಬೆಡಿ ನೋಡಬೇಕು. ಬೆಡಿಯ ಸದ್ದು ಕಿವಿಯಲ್ಲಿ ಇರುವಾಗಲೇ ವಿಮಾನ ಹತ್ತಿದರೆ ಅದರ ಸದ್ದು ಗೊತ್ತಾಗುವುದಿಲ್ಲ ಎಂದು ಮಾವನ ಅಂಬೋಣ. ಪೆಟ್ಟಿಗೆಗೆ 23 ಕಿಲೋ ಎಂದು ಮಗ ಹೇಳಿದ್ದ. ಮಾವ ಅಡಿಕೆ ತೂಗುವ ತಕ್ಕಡಿಯಲ್ಲೇ ತೂಗಿದರು. ಆದರೆ ಗೋಣಿಯ ತೂಕ ಕಳೆದು ರೂಢಿಯಾದ ಕೈ. ಸೂಟ್‌ಕೇಸಿನ ತೂಕವನ್ನೂ ಕಳೆದುಬಿಟ್ಟರು. ವಿಮಾನ ನಿಲ್ದಾಣದಲ್ಲಿ ಹಲಸಿನ ಹಪ್ಪಳದ ಕಟ್ಟು, ಮಾಂಬಳ, ಅರ್ಧ ಮೂಟೆ ಕುಚ್ಚಿಲಕ್ಕಿ ನನ್ನ ಕೈಗೆ ವಾಪಸು ಬಂತು. ಇಳಿಯದೆ ಉಳಿದದ್ದು ಮೊಮ್ಮಗಳಿಗೆಂದು ಇಟ್ಟ ಕ್ಯಾಂಪ್ಕೋ ಚಾಕಲೇಟು. 1973ರಲ್ಲಿ ಹುಟ್ಟಿದ ಸಂಸ್ಥೆಯ ಸದಸ್ಯರು ಅವರು. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಅದರ ಕಾರ್ಖಾನೆ ಇರುವಾಗ ಜನ ಚಾಕಲೇಟಿಗೆ ಸ್ವಿಟ್ಜರ್ಲೆಂಡಿನ ಹೆಸರು ಯಾಕೆ ಹೇಳುತ್ತಾರೆಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಅಲ್ಲಿ ಹೋಗಿ ಒಂದು ವಾರಕ್ಕೆ ಮಾವನಿಗೆ ಒಂದು ವಿಷಯದಲ್ಲಿ ಸಮಾಧಾನವಾಯಿತು. ಬೇಸಗೆಯಲ್ಲಿ ಫ್ರೀಮಾಂಟಿನ ಸಮಯ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಕೈಯಲ್ಲಿದ್ದ ಹಳೆಯ ಎಚ್‌ಎಂಟಿ ವಾಚಿನ ಮುಳ್ಳು ತಿರುಗಿಸುವುದೇ ಬೇಡ, ಅರ್ಧ ಗಂಟೆ ಕಳೆದರೆ ಮುಗಿಯಿತು. ಪುತ್ತೂರಿನಲ್ಲಿ ಬೆಳಿಗ್ಗೆ ಆರು ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. "ಹಗಲು ರಾತ್ರಿ ಅದಲು ಬದಲಾದರೆ ಎಂತಾಯ್ತು, ವಾಚು ಸರಿ ಉಂಟಲ್ಲ" ಎಂದು ನನಗೆ ಫೋನು ಮಾಡಿದರು.

ಉಳಿದದ್ದೊಂದೂ ಸರಿ ಇರಲಿಲ್ಲ. ಐದು ಗಂಟೆಗೆ ಎಚ್ಚರ. ಎದ್ದು ಮಾಡುವುದೇನು? ಹಾಲು ಕರೆಯುವುದಕ್ಕಿಲ್ಲ, ನಾಯಿ ಬೊಗಳುವುದಿಲ್ಲ, ಪಂಪಿಗೆ ಕರೆಂಟು ಬಂತಾ ಎಂದು ನೋಡುವ ಹಾಗಿಲ್ಲ. ಕರೆಂಟು ಹೋಗುವುದೇ ಇಲ್ಲ. ಆಳು ಬರಲಿಲ್ಲ ಎಂದು ಬೈಯೋಣವೆಂದರೆ ಬರಬೇಕಾದ ಆಳೇ ಇಲ್ಲ. ಹದಿನೈದು ದಿನಕ್ಕೆ ಮುಖ ಸಣ್ಣದಾಯಿತು. "ಮಾವ, ಬೇಜಾರಾ?" ಎಂದು ಸೊಸೆ ಕೇಳಿದಳು. "ಬೇಜಾರೆಂತದು, ಒಂದು ತಲೆಬಿಸಿಯೂ ಇಲ್ಲ ಮಾರಾಯ್ತಿ" ಎಂದರು. ಅವಳು ಅದನ್ನು ಸಂತೋಷದ ಸುದ್ದಿ ಎಂದುಕೊಂಡಳು.

ಆಟಿ ತಿಂಗಳು ಬಂತು. ಇಲ್ಲಿ ಕುಮಾರಧಾರೆಯೂ ಪಯಸ್ವಿನಿಯೂ ಕೆಂಪಾಗಿ ತುಂಬಿ ಹರಿಯುತ್ತಿದ್ದವು. ಅಲ್ಲಿ ಒಂದು ಹನಿ ಇಲ್ಲ. ಆ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಂತೆ. ಬೇಸಗೆಯಲ್ಲಿ ಗುಡ್ಡಗಳೆಲ್ಲ ಒಣಹುಲ್ಲಿನಿಂದ ಹಳದಿ. "ಹಳದಿ ರೋಗ ಸುಳ್ಯದ ತೋಟಕ್ಕೆ ಮಾತ್ರ ಅಂತ ಮಾಡಿದ್ದೆ, ಇಲ್ಲಿ ಗುಡ್ಡೆಗೇ ಬಂದಿದೆ" ಎಂದರು ಮಾವ. ಆಮೇಲೆ ದಿನಕ್ಕೆರಡು ಸಲ ನನಗೆ ಫೋನು. "ಮಳೆ ಹೇಗುಂಟು ಮಾಣಿ? ಎರಡನೆಯ ಮದ್ದು ಬಿಟ್ಟಾಯ್ತಾ? ಬಿಸಿಲು ಸಿಕ್ಕಿತಾ?" ಬಿಸಿಲು ಅವರಲ್ಲಿತ್ತು, ಕೊಳೆರೋಗ ನನ್ನಲ್ಲಿತ್ತು.

ಸಂಜೆಗೆ ಎಲಿಜಬೆತ್ ಕೆರೆಯ ಸುತ್ತ ವಾಕಿಂಗು. ಅಲ್ಲಿ ನಮ್ಮ ದೇಶದ ಅಜ್ಜಂದಿರೇ ಬೇಕಾದಷ್ಟು. ಭಾರತದ ಅಂಗಡಿಯಲ್ಲಿ ವೀಳ್ಯದೆಲೆ ಸಿಕ್ಕಿದ ದಿನ ಮಾವ ಕವಳ ಹಾಕಿ ಹೊರಟರು. ಅರ್ಧ ಸುತ್ತು ಬಂದ ಮೇಲೆ ಗೊತ್ತಾಯಿತು: ಉಗಿಯುವುದೆಲ್ಲಿ? ನೆಲ ನಮ್ಮ ಅಂಗಳಕ್ಕಿಂತ ಚೊಕ್ಕ. ಎದುರು ಬಂದವರೆಲ್ಲ "ಹಾಯ್, ಹೌ ಆರ್ ಯು" ಎನ್ನುತ್ತಾರೆ. ಬಾಯಿ ತೆರೆದರೆ ಅನಾಹುತ. ಮಾವ ಕಣ್ಣು ಅರ್ಧ ಮುಚ್ಚಿ, ತಲೆ ಬಗ್ಗಿಸಿ, ಕೈ ಮುಗಿಯುತ್ತ ನಡೆದರು. ಮೂರನೆಯ ದಿನ ಒಬ್ಬಾಕೆ ಅಮೆರಿಕದ ಅಜ್ಜಿ ಮಗನನ್ನು ನಿಲ್ಲಿಸಿ, "ನಿಮ್ಮ ತಂದೆ ಮೌನವ್ರತದ ಯೋಗಿಗಳಾ, ಧ್ಯಾನ ಕಲಿಸುತ್ತಾರಾ?" ಎಂದು ಕೇಳಿದಳಂತೆ.

ಭಾನುವಾರ ಮಗನ ಸ್ನೇಹಿತರು ಬಂದರೆ ಮಾವ ಜನರನ್ನು ಗ್ರೇಡ್ ಮಾಡುತ್ತಿದ್ದರು. ಈ ವರ್ಷ ಬಂದವರು ಹೊಸ ಅಡಿಕೆ: ಹಸಿ ಪೂರ್ತಿ ಆರಿಲ್ಲ, ಡಾಲರನ್ನು ಈಗಲೂ ರೂಪಾಯಿಗೆ ಗುಣಿಸುತ್ತಾರೆ. ಒಂದು ಮಳೆಗಾಲ ಕಳೆದವರು ಸಿಂಗಲ್ ಚೋಲು. ಅದಕ್ಕೂ ಹಳಬರು ಡಬ್ಬಲ್ ಚೋಲು. ಇವರಿಗೆ ರೇಟು ಜಾಸ್ತಿ, ಗಟ್ಟಿಯೂ ಜಾಸ್ತಿ, ಕತ್ತರಿಸಿದರೆ ಒಳಗೆ ಬೆಳ್ಳಗೆ. ವೀಸಾದ ತಾಪತ್ರಯದಲ್ಲಿ ಸಿಕ್ಕಿಬಿದ್ದವರು ಪಟೋರ. "ನಾನು ಯಾವ ಗ್ರೇಡು ಅಜ್ಜ?" ಎಂದು ಅಲ್ಲೇ ಹುಟ್ಟಿದ ಮೊಮ್ಮಗಳು ಕೇಳಿದಾಗ ಮಾವ ಸ್ವಲ್ಪ ಹೊತ್ತು ಯೋಚಿಸಿ, "ನೀನು ಇಲ್ಲಿಯ ಸಸಿ ಮಗಾ, ಫಸಲು ಬರಲಿ, ಮತ್ತೆ ನೋಡುವ" ಎಂದರು.

ಪರದೇಶದಲ್ಲಿ ನೆಲೆ ನಿಲ್ಲುವುದರ ಬಗ್ಗೆ ಮಾವನಿಗೆ ಒಂದು ಮಾದರಿ ಇತ್ತು: ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ, ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಬಿಡುವುದನ್ನು ರೂಢಿಗೆ ತಂದವರು; ಮುಂದೆ ಅಲ್ಲಿಯ ಕೃಷಿ ಇಲಾಖೆಯ ನಿರ್ದೇಶಕರೂ ಆದರು. "ಆ ಜನ ಇಲ್ಲಿ ಹೇಗೆ ನಿಂತರು? ನಮ್ಮ ಮರದ ರೋಗ ಎಂತದೆಂದು ಕೇಳಿದರು, ನಿಂತರು" ಎನ್ನುತ್ತಿದ್ದರು. ಹಾಗಾಗಿ ಮಗ ನಾಪಾ ಕಣಿವೆಯ ದ್ರಾಕ್ಷಿ ತೋಟ ತೋರಿಸಲು ಕರೆದುಕೊಂಡು ಹೋದಾಗ ಮಾವ ಉತ್ಸಾಹದಿಂದ ಇಳಿದರು. ಬೋರ್ಡೋ ಎಂಬುದು ಫ್ರಾನ್ಸಿನ ದ್ರಾಕ್ಷಿ ಸೀಮೆಯ ಹೆಸರು, ಈ ಮದ್ದು ಮೊದಲು ಬಿಟ್ಟದ್ದು ದ್ರಾಕ್ಷಿಗೇ ಎಂಬುದು ಅವರಿಗೆ ಬಾಯಿಪಾಠ.

ಎಲ್ಲರೂ ಗ್ಲಾಸಿನ ಕಡೆ ನೋಡುವಾಗ ಮಾವ ಎಲೆ ಮಗುಚಿ ನೋಡಿದರು. ತೋಟ ತೋರಿಸುವ ಹುಡುಗನನ್ನು ಕರೆದು, "ಬೋರ್ಡೋ? ಯೂ ಗಿವ್ ಬೋರ್ಡೋ?" ಎಂದರು. ಅವನ ಮುಖ ಅರಳಿತು. ಈ ಪ್ರಾಯದಲ್ಲಿ ಇಷ್ಟು ರುಚಿ ಬಲ್ಲವರೇ! ಓಡಿಹೋಗಿ ಕೆಂಪು ವೈನು ಹೊಯ್ದು ತಂದ. "ನೋ ನೋ, ಬ್ಲೂ!" ಎಂದರು ಮಾವ. ಹುಡುಗ ತಬ್ಬಿಬ್ಬಾದ. ಮಾವ ಬಿಡಿಸಿ ಹೇಳಿದರು, "ಹಂಡ್ರೆಡ್ ಲೀಟರ್ ವಾಟರ್. ವನ್ ಕೆಜಿ ಲೈಮ್." ಸುಣ್ಣ ಎನ್ನುವ ಅರ್ಥದಲ್ಲಿ. ಹುಡುಗ ತಲೆಯಾಡಿಸಿ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣಿನ ಹೋಳು ತಂದಿಟ್ಟ. ಮೈಲುತುತ್ತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಮಗನಿಗೂ ನೆನಪಾಗಲಿಲ್ಲ. ಅವನ ಇಂಜಿನಿಯರಿಂಗ್ ಫೀಸು ಹುಟ್ಟಿದ್ದು ಆ ಮೈಲುತುತ್ತಿನಿಂದಲೇ.

ಕೊನೆಗೆ ಮಾವ ತಮ್ಮ ರೋಗವನ್ನು ತಾವೇ ನೆಟ್ಟುಕೊಂಡರು. ಅಂಗಡಿಯಿಂದ ತಂದ ಬಸಳೆಯ ಎಲೆ ಸಾಂಬಾರಿಗೆ ಹೋಯಿತು, ದಂಟು ನಾಲ್ಕು ತುಂಡಾಗಿ ಹಿತ್ತಿಲಿಗೆ ಹೋಯಿತು. ಚಿಗುರಿತು. ಹಳೆಯ ಮಂಚದ ಪಟ್ಟಿಗಳಿಂದ ಚಪ್ಪರ ಎದ್ದಿತು. ಸ್ಪ್ರಿಂಕ್ಲರಿನ ಜೆಟ್ಟು ಆ ಕಡೆ ತಿರುಗಿತು, ಪಕ್ಕದ ಮನೆಯ ಕಿಟಕಿಯೂ ಒದ್ದೆಯಾಯಿತು. ರಾತ್ರಿ ಬಸವನ ಹುಳ ಬರುತ್ತದೆಂದು ಟಾರ್ಚು ಹಿಡಿದು ಕೂತರು. ಬಿಸಿಲು ಹೆಚ್ಚಾಯಿತಾ, ನೀರು ಕಡಿಮೆಯಾಯಿತಾ, ಅಳಿಲು ಚಿಗುರು ಕಡಿಯಿತಾ ಎಂಬ ಚಿಂತೆಯಲ್ಲಿ ಮುಖಕ್ಕೆ ಕಳೆ ಬಂತು, ಊಟ ಹೆಚ್ಚಾಯಿತು. ನನಗೆ ಬರುವ ಫೋನು ವಾರಕ್ಕೊಂದಕ್ಕೆ ಇಳಿಯಿತು.

ಆರು ತಿಂಗಳ ಗಡುವು ಮುಗಿದು ಅಕ್ಟೋಬರಿನ ಕೊನೆಗೆ ಬಂದರು. ನವೆಂಬರಿನ ಒಂದು ಬೆಳಿಗ್ಗೆ, ಅಂಗಳದಲ್ಲಿ ಹೊಸ ಅಡಿಕೆ ಹರವಿತ್ತು. ಬಂಗಾಳಕೊಲ್ಲಿಯಲ್ಲಿ ಎಂತದೋ ವಾಯುಭಾರ ಕುಸಿತ ಎಂದು ರೇಡಿಯೋ ಹೇಳುತ್ತಿತ್ತು. ಮಾವ ವಾಚು ನೋಡಿದರು, ಆರೂವರೆ. ಅರ್ಧ ಗಂಟೆ ಕಳೆದರು: ಅಲ್ಲಿ ಸಂಜೆ ಆರು, ಮಗ ಮನೆಗೆ ಬಂದಿರುತ್ತಾನೆ. ಆದರೆ ನವೆಂಬರಿನ ಮೊದಲ ಭಾನುವಾರ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಬಿಟ್ಟಿದ್ದರು. ಅಲ್ಲಿ ಆಗಿನ್ನೂ ಐದು.

"ಅಪ್ಪಾ, ಮೀಟಿಂಗಿನಲ್ಲಿದ್ದೇನೆ. ಎಂತ ಅರ್ಜೆಂಟು?"

"ಬಸಳೆಗೆ ನೀರು ಬಿಟ್ಟೆಯಾ?"

ಅಷ್ಟರಲ್ಲಿ ನನ್ನ ತೋಳಿನ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಅತ್ತೆ ಒಳಗಿನಿಂದ ಟರ್ಪಾಲು ಎಳೆದುಕೊಂಡು ಓಡಿಬಂದರು. "ಮಾವ, ಮಳೆ! ಒಂದು ಕೊಡಿ ಹಿಡಿಯಿರಿ!" ಎಂದು ಕೂಗಿದೆ.

ಮಾವ ಜಗಲಿಯ ಮೇಲಿಂದ ಏಳಲಿಲ್ಲ. ಫೋನು ಕಿವಿಗೊತ್ತಿಕೊಂಡೇ ಇನ್ನೊಂದು ಕೈ ಅಡ್ಡ ಹಿಡಿದರು. "ಒಂದು ನಿಮಿಷ ಮಾಣಿ, ಅಲ್ಲಿ ಚಳಿ ಸುರುವಾಗಿದೆಯಂತೆ."