ಹೂದಾನಿಯ ಬಾಡಿಗೆದಾರ

ಚೆನ್ನೈಯ ಗಿಂಡಿಯಲ್ಲಿ ಕೃಷ್ಣಮೃಗಗಳಿವೆ ಎಂದರೆ ಬೆಂಗಳೂರಿನ ನೆಂಟರು ನಗುತ್ತಾರೆ. ಅವರು ನೋಡಿರುವ ಗಿಂಡಿ ಎಂದರೆ ಮೆಟ್ರೋ ಸ್ಟೇಷನ್ನು, ಕತ್ತಿಪಾರಾ ಮೇಲ್ಸೇತುವೆ ಮತ್ತು ಅದರ ಕೆಳಗಿನ ಹೊಗೆ. ಆದರೆ ಇವೆ, ನಿಜಕ್ಕೂ ಇವೆ. ಊರಿನ ನಟ್ಟನಡುವೆ ನಮ್ಮದೊಂದು ರಾಷ್ಟ್ರೀಯ ಉದ್ಯಾನವಿದೆ, ಒಟ್ಟು ಸುಮಾರು 2.7 ಚದರ ಕಿಲೋಮೀಟರು. ಬಂಡೀಪುರದಲ್ಲಿ ಇಂಥವು ಮುನ್ನೂರಕ್ಕೂ ಮೇಲೆ ಹಿಡಿಯುತ್ತವೆ ಎಂದು ಲೆಕ್ಕ ಹಾಕಿ ತೋರಿಸುವ ಭಾವಮೈದುನ ನನಗಿದ್ದಾನೆ, ಹಾಕಲಿ. ಬೇಲಿಯಾಚೆ ಬಸ್ಸು ಹಾರ್ನ್ ಹೊಡೆದರೆ ಈಚೆ ಜಿಂಕೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಇಂಥ ಪೇಟೆಯಲ್ಲಿ ಇಕ್ಕಟ್ಟಾಗಿ ಬದುಕುವುದು ನಾಚಿಕೆಯ ವಿಷಯವೇ ಅಲ್ಲ. ನಮ್ಮ ಫ್ಲ್ಯಾಟಿನಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಅಡುಗೆಮನೆಗೆ ಹಿಂದೆ ಸರಿಯಬೇಕು. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ.

ಹಾಗಿದ್ದೂ ನಮಗಿಂತ ಚಿಕ್ಕ ಮನೆಯಲ್ಲಿ ಇರಬಲ್ಲವರು ಸಿಕ್ಕರೆ ಮನಸ್ಸಿಗೊಂದು ಬಗೆಯ ಸಮಾಧಾನ. ನಾದಿನಿ ಅಮೆರಿಕದಿಂದ ಫೋಟೋ ಕಳಿಸಿದಳು. ಅಲ್ಲಿ ಒಂದು ಕಾಲಕ್ಕೆ ಬಹಳ ಓಡಿದ ಷೋಕಿಯಂತೆ: ಗಾಜಿನ ಹೂದಾನಿ, ಮೇಲೆ ಲಿಲ್ಲಿ ಗಿಡ, ಬೇರುಗಳ ನಡುವೆ ಬಣ್ಣದ ಮೀನು. ಮೀನು ಬೇರು ತಿಂದುಕೊಂಡಿರುತ್ತದೆ, ಗಿಡ ಮೀನಿನ ಕಸ ತಿಂದುಕೊಂಡಿರುತ್ತದೆ, ನೀವು ಸುಮ್ಮನಿದ್ದರಾಯಿತು. ಸುಮ್ಮನಿರುವುದರಲ್ಲಿ ನನಗೆ ಮೊದಲಿಂದಲೂ ಒಳ್ಳೆಯ ಹೆಸರಿದೆ. ಲಿಲ್ಲಿಯ ಬದಲು ಮನಿಪ್ಲಾಂಟ್ ಇತ್ತು, ಎರಡು ಲೀಟರು ಹಿಡಿಯದ ಹೂದಾನಿ ಇತ್ತು. ಮೀನಿಗಾಗಿ ಕೊಳತ್ತೂರಿಗೆ ಹೊರಟೆವು.

ಕೊಳತ್ತೂರು ಚೆನ್ನೈಯ ಬಣ್ಣದ ಮೀನಿನ ಪೇಟೆ. ಅಲ್ಲಿ ಫೈಟರ್ ಮೀನುಗಳನ್ನು ಒಂದೊಂದು ಪುಟ್ಟ ಬಾಟಲಿಯಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಒಂದರ ಮೋರೆ ಇನ್ನೊಂದಕ್ಕೆ ಕಾಣದ ಹಾಗೆ ನಡುವೆ ರಟ್ಟು. ಕಂಡರೆ ಕೆಟ್ಟಿತು: ಕಿವಿರು ಅಗಲಿಸಿ, ರೆಕ್ಕೆ ಬಿಚ್ಚಿ, ಗಾಜಿಗೇ ಏರಿ ಹೋಗುತ್ತವೆ. ಹಾಫ್‌ಮೂನ್, ಕ್ರೌನ್‌ಟೇಲ್ ಎಂದು ಬಾಲ ನೋಡಿ ಜಾತಿ, ಜಾತಿ ನೋಡಿ ಬೆಲೆ. ಅಂಗಡಿಯವನು ಒಂದು ನೀಲಿಯ ಗಂಡನ್ನು ಎತ್ತಿ ಹಿಡಿದು, “ಒಣ್ಣುಮೇ ವೇಂಡಾಂ ಸಾರ್” ಎಂದ. ಮೋಟಾರು ಬೇಡ, ಫಿಲ್ಟರು ಬೇಡ, ಜತೆ ಬೇಡ. ನಮ್ಮ ಕಡೆ ಮದುವೆ ದಲ್ಲಾಳಿ ವರನನ್ನು ಹೊಗಳುವುದೂ ಹೀಗೆಯೇ: ಕಾಫಿ ಕುಡಿಯಲ್ಲ, ಸಿನಿಮಾ ನೋಡಲ್ಲ, ಇದ್ದಾನೋ ಇಲ್ಲವೋ ಗೊತ್ತೇ ಆಗಲ್ಲ. ಅಂಥ ವರನ ಬಗ್ಗೆ ಅನುಮಾನಪಡುವ ನಾವು ಮೀನಿನ ವಿಷಯದಲ್ಲಿ ಪಡಲಿಲ್ಲ.

ಅವನು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಫೈಟರ್ ಮೀನಿಗೆ ಕಿವಿರಿನ ಮೇಲ್ಗಡೆ ಮಡಿಕೆ ಮಡಿಕೆಯಾದ ಒಂದು ಅಂಗವಿದೆ, ರಕ್ತನಾಳಗಳು ದಟ್ಟವಾಗಿರುವ ಜಾಗ. ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿ, ಅಲ್ಲಿಂದಲೇ ಉಸಿರು ಎಳೆದುಕೊಳ್ಳುತ್ತದೆ. ಸಯಾಮಿನ ಗದ್ದೆ, ಜೌಗುಗಳ ಬೆಚ್ಚಗಿನ, ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಹುಟ್ಟಿದವರಿಗೆ ಇದು ಅನಿವಾರ್ಯ. ಈ ವಂಶದವರು ನಮ್ಮಲ್ಲೂ ಇದ್ದಾರೆ. ತರಂಗಂಬಾಡಿ ಡೇನರ ಕೈಯಲ್ಲಿದ್ದಾಗ ಡಾಲ್ಡಾರ್ಫ್ ಎಂಬ ಲೆಫ್ಟಿನೆಂಟು ಕೆರೆಯ ಪಕ್ಕದ ತಾಳೆಮರ ಹತ್ತುತ್ತಿದ್ದ ಮೀನನ್ನು ಹಿಡಿದೆ ಎಂದು ವರದಿ ಮಾಡಿದ. 1797ರಲ್ಲಿ ಅದು ಲಂಡನ್ನಿನ ವಿದ್ವಾಂಸರ ಮುಂದೆ ಬಂತು. ಅದು ಹತ್ತಿದ್ದಲ್ಲ, ಹದ್ದೋ ಕಾಗೆಯೋ ಕಚ್ಚಿಕೊಂಡು ಹೋಗಿ ಇಟ್ಟದ್ದು ಎಂದು ಆಮೇಲಿನವರು ವಾದಿಸಿದರು. ನೆಲದ ಮೇಲೆ ಅದು ತೆವಳುವುದಂತೂ ನಿಜ. ನನಗೆ ಲೆಫ್ಟಿನೆಂಟನ ಮೇಲೆಯೇ ನಂಬಿಕೆ. ಅಷ್ಟು ದೂರದಿಂದ ಬಂದವನು ತಾಳೆಮರದ ಬುಡದಲ್ಲಿ ಕಂಡದ್ದನ್ನು ಅಲ್ಲಗಳೆಯಲು ನಾವು ಯಾರು. ಅಲ್ಲಿ ಕಳ್ಳೂ ಸಿಗುತ್ತದೆ ಎಂದು ನನ್ನ ಹೆಂಡತಿ.

ಸಯಾಮಿನಲ್ಲಿ ಈ ಮೀನುಗಳನ್ನು ಕಾದಾಡಿಸಿ ಬಾಜಿ ಕಟ್ಟುತ್ತಿದ್ದರು. ಅಲ್ಲಿನ ರಾಜನಿಂದ ಪಡೆದ ಮೀನುಗಳನ್ನು ಕ್ಯಾಂಟರ್ ಎಂಬ ವೈದ್ಯ 1849ರಲ್ಲಿ ಬೇರೆ ಹೆಸರಿನಲ್ಲಿ ವರ್ಣಿಸಿದ. 1910ರಲ್ಲಿ ರೀಗನ್ ಅದನ್ನು ತಿದ್ದಿ ಬೆಟ್ಟಾ ಸ್ಪ್ಲೆಂಡೆನ್ಸ್ ಎಂದಿಟ್ಟ. 2019ರಲ್ಲಿ ಥಾಯ್ಲೆಂಡ್ ಇದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು. ಬಾಜಿಯ ಮಾತು ಬಂದರೆ ಗಿಂಡಿಯವರು ಹಿಂದೆ ಬೀಳುವವರಲ್ಲ. ನಮ್ಮ ರೇಸ್‌ಕೋರ್ಸಿನ ಕುದುರೆಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕುದುರೆಜೂಜು ಅದೃಷ್ಟದ್ದಲ್ಲ, ಕೌಶಲದ್ದು ಎಂದು 1996ರಲ್ಲಿ ತೀರ್ಪು ತಂದವು. ಆ ಕೌಶಲದಲ್ಲಿ ದುಡ್ಡು ಕಳೆದುಕೊಂಡವರು ನಮ್ಮ ಮಹಡಿಯಲ್ಲೇ ಇದ್ದಾರೆ. ಆ ಜಾಗವನ್ನು ಸರ್ಕಾರ 2024ರಲ್ಲಿ ವಶಕ್ಕೆ ತೆಗೆದುಕೊಂಡು ಮಳೆನೀರು ನಿಲ್ಲಲೆಂದು ಕೊಳ ತೋಡಿಸಿದೆ. ಕುದುರೆ ಓಡಿದಲ್ಲಿ ಕೊಳ, ಕೊಳದಲ್ಲಿರಬೇಕಾದದ್ದು ನಮ್ಮ ಹೂದಾನಿಯಲ್ಲಿ.

ಹೂದಾನಿಗೆ ಕತ್ತು ಕಿರಿದು. ಮನಿಪ್ಲಾಂಟ್ ಬಲಿತು ಕತ್ತಿನ ತುಂಬ ಬೇರು ಹಬ್ಬಿಸಿತು. ಮೀನು ಗಾಳಿಗೆ ಮೇಲೆ ಬಂದರೆ ದಾರಿ ಇಲ್ಲ. ಬೇರಿನ ಸಂದು ಹುಡುಕಿ ಹುಡುಕಿ ಮೂತಿ ತೂರಿಸಬೇಕು. ಗಾಳಿ ಸಿಗದಿದ್ದರೆ ಈ ಮೀನು ನೀರಿನಲ್ಲೇ ಮುಳುಗಿ ಸಾಯಬಲ್ಲದು, ಕೇಳಿದಿರಾ? ಇನ್ನು ಬೇರು ತಿನ್ನುವ ಕಥೆ ಶುದ್ಧ ಕಟ್ಟು. ಅದು ಮಾಂಸಾಹಾರಿ, ಸೊಳ್ಳೆಮರಿ, ಹುಳುಹುಪ್ಪಟೆ ಎಂದರೆ ಪ್ರಾಣ. ಸೊಳ್ಳೆಮರಿಗೆ ಚೆನ್ನೈಯಲ್ಲಿ ಬರವಿಲ್ಲವಾದರೂ ನಮ್ಮ ಸಸ್ಯಾಹಾರಿ ಮನೆಯಲ್ಲಿ ಅದನ್ನು ಬಡಿಸುವುದು ಯಾರ ಕೆಲಸ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪಾಪ ಎಂದು ಗಿಡ ಕಿತ್ತು ಬಾಯಿ ತೆರವು ಮಾಡಿದೆ. ಬೆಳಗಿನ ಕಾಫಿಯ ಡಬರಿಯನ್ನು ಪಕ್ಕದಲ್ಲಿಟ್ಟೆ. ಹೊಳೆಯುವ ಸ್ಟೀಲಿನಲ್ಲಿ ತನ್ನದೇ ಮೋರೆ ಕಂಡು ಮೀನು ಕಿವಿರು ಅಗಲಿಸಿತು, ಎರಡು ಸುತ್ತು ಹೊಡೆಯಿತು, ಚಿಮ್ಮಿ ಬಂದು ಬಿದ್ದದ್ದು ಪೇಪರಿನ ರಿಯಲ್ ಎಸ್ಟೇಟ್ ಪುಟದ ಮೇಲೆ. ನಾನು ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸಿದ ಕೂಗಿಗೆ ಎದುರುಮನೆಯ ಪಾಟಿ ಓಡಿಬಂದರು. ಅವರೇ ದೋಸೆಯ ಸಟ್ಟುಗದಲ್ಲಿ ಎತ್ತಿ ನೀರಿಗೆ ಬಿಟ್ಟದ್ದು. ಗಾಳಿ ಉಸಿರಾಡುವ ಮೀನಾದ್ದರಿಂದ ಅದಕ್ಕೇನೂ ಆಗಲಿಲ್ಲ. ನನಗೆ ಮಾತ್ರ ಬಹಳ ಹೊತ್ತು ಉಸಿರು ಸಿಗಲಿಲ್ಲ.

ಪಾಟಿಯದು ತೀಕ್ಷ್ಣ ನಾಲಿಗೆ. “ಅದು ಸಾಯದೇ ಇದೆ ಅಂದರೆ ಸುಖವಾಗಿದೆ ಅಂತ ಅರ್ಥವಾ?” ಎಂದು ಕೇಳಿ ಹೋದರು. ನನ್ನ ಓದು ಅಲ್ಲಿಂದ ಮುಂದಿನದು. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ದೊಡ್ಡ ತೊಟ್ಟಿಯಾದರೆ ಫಿಲ್ಟರಿನಲ್ಲಿ, ಮರಳಿನಲ್ಲಿ ಬೇರೂರಿದ ಬ್ಯಾಕ್ಟೀರಿಯಾಗಳು ಆ ವಿಷವನ್ನು ಮೆತ್ತಗೆ ಮಾಡುತ್ತವೆ; ಹೂದಾನಿಯಲ್ಲಿ ಆ ಪುಣ್ಯಾತ್ಮರಿಗೆ ಕೂರಲು ಜಾಗವಿಲ್ಲ. ಮೇಲೆ ಬಂದು ಗಾಳಿ ಕುಡಿಯಬಹುದು ನಿಜ, ಮೈ ಇರುವುದು ಅದೇ ಕೆಟ್ಟ ನೀರಿನಲ್ಲಿ ತಾನೆ? ಗದ್ದೆಯ ನೀರು ಮೊಣಕಾಲುದ್ದ ಇರಬಹುದು, ಆದರೆ ಬದುವಿನಿಂದ ಬದುವಿಗೆ ಈಜಲು ಎಷ್ಟು ದೂರ!

ಕೊನೆಗೆ ಇಪ್ಪತ್ತು ಲೀಟರಿನ ತೊಟ್ಟಿ ಬಂತು, ಮುಚ್ಚಳ ಸಮೇತ. ಪುಟ್ಟ ಸ್ಪಂಜ್ ಫಿಲ್ಟರ್ ಬಂತು. ಲಾರಿ ನೀರಿನ ಕ್ಲೋರಿನ್ ತೆಗೆಯುವ ಹನಿ ಬಂತು. ಬೀದಿಯ ಕಾಡುಬಾದಾಮಿ ಮರದ ಕೆಂಪಾಗಿ ಉದುರಿದ ಎಲೆ ಪುಕ್ಕಟೆ: ತೊಳೆದು ಒಣಗಿಸಿ ನೀರಿಗೆ ಬಿಟ್ಟರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಫೈಟರಿಗೆ ಅದೇ ಇಷ್ಟ. ಉಳಿತಾಯವಾದದ್ದು ಹೀಟರಿನಲ್ಲಿ. ಇದಕ್ಕೆ 24ರಿಂದ 28 ಡಿಗ್ರಿ ಬೇಕು. ಬೆಂಗಳೂರಿನ ಭಾವಮೈದುನ ಡಿಸೆಂಬರಿಗೆ ದುಡ್ಡು ಕೊಟ್ಟು ಕೊಳ್ಳುವ ಸೆಕೆಯನ್ನು ಚೆನ್ನೈ ನಮಗೆ ಧಾರಾಳವಾಗಿ ಹಂಚುತ್ತದೆ. ಬಂಡೀಪುರದ ಲೆಕ್ಕ ಹಾಕಿದವನಿಗೆ ಇದನ್ನು ಫೋನ್ ಮಾಡಿ ತಿಳಿಸಿದೆ.

ತೊಟ್ಟಿಗೆ ಬಂದ ಮೇಲೆ ಮೀನು ನೀರಿನ ಮೂಲೆಯಲ್ಲಿ ನೊರೆಗುಳ್ಳೆಗಳ ಗೂಡು ಕಟ್ಟಿತು. ಗಂಡೇ ಕಟ್ಟುವುದು, ಮೊಟ್ಟೆ ಕಾಯುವುದೂ ಗಂಡೇ. ಹೆಣ್ಣು ಇಲ್ಲದಿದ್ದರೂ ಕಟ್ಟಿಕೊಂಡು ಕೂರುತ್ತದೆ. ಈ ಊರಿನಲ್ಲಿ ಸ್ವಂತ ಮನೆ ಕಟ್ಟಿದ ನಮ್ಮ ಕುಟುಂಬದ ಮೊದಲ ಸದಸ್ಯ ಎಂದು ನಾನು ಅಭಿಮಾನಪಟ್ಟೆ. ಮೀನಿನ ಬೆಲೆ ಚಿಲ್ಲರೆ. ತೊಟ್ಟಿ, ಫಿಲ್ಟರು, ಅದನ್ನಿಡಲು ಮೇಜು ಸೇರಿ ಆದ ಖರ್ಚನ್ನು ಕೂಡಿಸಿ ಹೆಂಡತಿ ಮನೆಯ ಲೆಕ್ಕದ ಪುಸ್ತಕದಲ್ಲಿ ನಮೂದಿಸಿದ್ದಾಳೆ. ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರು ನಾವು, ಅವಳಿಗೆ ತಲೆಬರಹ ಹುಡುಕುವುದು ಕಷ್ಟವಾಗಲಿಲ್ಲ: “ಅಡ್ವಾನ್ಸ್, ವಾಪಸ್ ಬರುವುದಿಲ್ಲ.”